ವಾರಕ್ಕೆ ಎರಡು ಗಂಟೆ: ಬೇರೆಯವರಿಗೆ ನೆರವಾಗಿ ಮನಸ್ಸು ಹಗುರ ಮಾಡಿಕೊಳ್ಳುವ ಬಗೆ

ನಾಲ್ಕು ಜನಕ್ಕೆ ಉಪಕಾರವಾದರೆ ಮನಸ್ಸಿಗೆ ನೆಮ್ಮದಿ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸುವವರಲ್ಲೇ ಉಪಕಾರ ಮಾಡಿ ಮೈಮೇಲೆ ಹಾಕಿಕೊಂಡವರು, ಕೈಗಡ ಕೊಟ್ಟು ದುಡ್ಡಿನ ಜೊತೆ ಸ್ನೇಹವನ್ನೂ ಕಳೆದುಕೊಂಡವರು, ಎಲ್ಲರ ಕೆಲಸಕ್ಕೂ ಓಡಾಡಿ ರಾತ್ರಿ ನಿದ್ದೆ ಬಾರದೆ ಹೊರಳಾಡುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಸಿಗದ ನೆಮ್ಮದಿ ಇನ್ನೊಬ್ಬರಿಗೆ ಹೇಗೆ ಸಿಗುತ್ತದೆ? ಸಹಾಯದ ಅಳತೆ, ಅದರ ಬಗೆ, ಅದನ್ನು ಮಾಡುವಾಗಿನ ಮನಸ್ಸು, ಈ ಮೂರರಲ್ಲಿ ವ್ಯತ್ಯಾಸವಿರುತ್ತದೆ. ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡು ಇಳಿಯುವುದು ಹೇಗೆಂದು ಇಲ್ಲಿ ನೋಡೋಣ.

ಅಳತೆ ಎಷ್ಟು?

ದೊಡ್ಡ ಮೊತ್ತ, ದೊಡ್ಡ ತ್ಯಾಗ ಬೇಕಾಗಿಲ್ಲ. ಎಲಿಜಬೆತ್ ಡನ್, ಲಾರಾ ಅಕ್ನಿನ್, ಮೈಕಲ್ ನಾರ್ಟನ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬೆಳಿಗ್ಗೆ ಜನರ ಕೈಗೆ 5 ಅಥವಾ 20 ಡಾಲರ್ ಇಟ್ಟ ಕವರ್ ಕೊಟ್ಟು, ಸಂಜೆಯೊಳಗೆ ಕೆಲವರು ಅದನ್ನು ತಮಗಾಗಿ, ಉಳಿದವರು ಬೇರೆಯವರಿಗಾಗಿ ಖರ್ಚು ಮಾಡಬೇಕೆಂದು ಹೇಳಿದರು. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. 5 ಡಾಲರ್‌ಗೂ 20 ಡಾಲರ್‌ಗೂ ವ್ಯತ್ಯಾಸ ಕಾಣಲಿಲ್ಲ.

ಹೊತ್ತಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 50 ದಾಟಿದ ಸುಮಾರು 13 ಸಾವಿರ ಜನರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು 2020ರಲ್ಲಿ ಹೊರಬಂತು. ವರ್ಷಕ್ಕೆ 100 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಸ್ವಯಂಸೇವೆ ಮಾಡುತ್ತಿದ್ದವರಲ್ಲಿ ಒಂಟಿತನ, ಹತಾಶೆ, ಖಿನ್ನತೆಯ ಲಕ್ಷಣಗಳು ಕಡಿಮೆ ಇದ್ದವು. ಬಿಪಿ, ಸಕ್ಕರೆ ಕಾಯಿಲೆಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸೇವೆ ಮಾಡುತ್ತೇನೆಂದು ಮಾತ್ರೆ ಬಿಡಬೇಡಿ. 100 ಗಂಟೆ ಎಂದರೆ ವಾರಕ್ಕೆ ಎರಡು ಗಂಟೆ. ಅಷ್ಟರಿಂದ ಶುರು ಮಾಡಿ. ಮೊದಲ ವಾರವೇ ಹತ್ತು ಗಂಟೆ ಒಪ್ಪಿಕೊಂಡವರು ಬಹುಪಾಲು ಎರಡನೇ ತಿಂಗಳಿಗೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ.

ಆ ಎರಡು ಗಂಟೆಯನ್ನು ದಿನಕ್ಕೆ ಹದಿನೈದು ನಿಮಿಷದಂತೆ ಹರಡುವುದೋ, ಒಂದೇ ದಿನಕ್ಕೆ ಇಟ್ಟುಕೊಳ್ಳುವುದೋ? ಒಂದೇ ದಿನಕ್ಕೆ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರ 2005ರ ಬರಹದಲ್ಲಿ ಈ ಪ್ರಯೋಗದ ವಿವರವಿದೆ. ವಾರಕ್ಕೆ ಐದು ಉಪಕಾರದ ಕೆಲಸಗಳನ್ನು ಒಂದೇ ದಿನ ಮಾಡಿದವರ ಸಂತೋಷ ಹೆಚ್ಚಿತು, ವಾರವಿಡೀ ಚದುರಿಸಿದವರಲ್ಲಿ ಅಂಥ ಏರಿಕೆ ಆಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಬಾಗಿಲು ಹಿಡಿದು ನಿಲ್ಲುವುದು, ದಾರಿ ತೋರಿಸುವುದು ನಾವು ಹೇಗೂ ಮಾಡುವಂಥವು, ದಿನದ ಗದ್ದಲದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಎಂದು ನಿಗದಿಯಾದ ಕೆಲಸ ಮನಸ್ಸಿಗೆ ಗೊತ್ತಾಗುತ್ತದೆ. ಹಿಂದಿನ ದಿನವೇ ಅದಕ್ಕಾಗಿ ಕಾಯುವಂತೆಯೂ ಆಗುತ್ತದೆ.

ಇಳಿಯುವ ಮುಂಚೆ ನಿಮ್ಮನ್ನೇ ನೋಡಿಕೊಳ್ಳಿ

'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದು, ಅವರ ಶುಶ್ರೂಷೆ ಪೂರ್ತಿ ಹೆಂಡತಿಯ ತಲೆಯ ಮೇಲಿದ್ದರೆ, ಗಂಡನಾದವನು ವೃದ್ಧಾಶ್ರಮಕ್ಕೆ ಹೋಗಿ ಸೇವೆ ಮಾಡುವ ಅಗತ್ಯವಿಲ್ಲ. ಆ ಎರಡು ಗಂಟೆ ಅತ್ತೆಯ ಪಕ್ಕ ಕೂತು ಹೆಂಡತಿಯನ್ನು ಹೊರಗೆ ಕಳಿಸಿದರಾಯಿತು. ಅದಾಗಲೇ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಿರುವವರಿಗೆ ಈ ಬರಹದ ಬಹುಪಾಲು ಸಲಹೆ ಅನ್ವಯಿಸುವುದಿಲ್ಲ. ಅವರಿಗೆ ಬೇಕಿರುವುದು ಇನ್ನೊಂದು ಸೇವೆಯಲ್ಲ, ಬಿಡುವು.

ಮನಸ್ಸು ಸ್ವಲ್ಪ ಮಂಕಾಗಿದೆ, ಯಾರ ಜೊತೆಯೂ ಬೆರೆಯಬೇಕು ಅನ್ನಿಸುತ್ತಿಲ್ಲ ಎನ್ನುವವರಿಗೆ ಇದು ಕೆಲಸ ಮಾಡಬಹುದು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಖಿನ್ನತೆ, ಆತಂಕದ ಲಕ್ಷಣಗಳಿದ್ದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಗೆಳೆಯರ ಜೊತೆ ಕೂಡುವ ಕಾರ್ಯಕ್ರಮ ಹಾಕಿಕೊಳ್ಳಬೇಕು, ಇನ್ನೊಂದು ತನ್ನ ಯೋಚನೆಗಳನ್ನು ಬರೆದಿಟ್ಟು ಪರಿಶೀಲಿಸಬೇಕು, ಮೂರನೆಯದು ವಾರದಲ್ಲಿ ಎರಡು ದಿನ, ದಿನಕ್ಕೆ ಮೂರರಂತೆ ಉಪಕಾರದ ಕೆಲಸ ಮಾಡಬೇಕು. ಐದು ವಾರಗಳಲ್ಲಿ ಮೂರೂ ಗುಂಪಿನವರು ಸುಧಾರಿಸಿದರು. ಆದರೆ ಜನರ ಜೊತೆ ಬೆಸೆದುಕೊಂಡ ಭಾವ ಹೆಚ್ಚಿದ್ದು ಮೂರನೇ ಗುಂಪಿನಲ್ಲಿ. ತನ್ನನ್ನು ಯಾರು ಹೇಗೆ ನೋಡುತ್ತಿದ್ದಾರೋ ಎಂಬ ಚಿಂತೆಯಿಂದ ಗಮನ ಎದುರಿಗಿರುವವರ ಕಡೆ ಹೊರಳಿದ್ದು ಇದಕ್ಕೆ ಕಾರಣ ಎಂದು ಅವರು ಹೇಳಿದರು.

ಎರಡು ವಾರ ದಾಟಿದರೂ ನಿದ್ದೆ, ಊಟ ನೆಟ್ಟಗಾಗದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಸೇವೆಯ ಮಾತು ಆಮೇಲೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಆರಿಸುವಾಗ

ನಾಲ್ಕು ಗುಣ ನೋಡಿ. ಎದುರಿಗೆ ಒಬ್ಬ ಮನುಷ್ಯ ಇರಬೇಕು. ಕೆಲಸ ಎಲ್ಲಿ ಮುಗಿಯುತ್ತದೆಂದು ಮೊದಲೇ ಗೊತ್ತಿರಬೇಕು. ಅದರಿಂದ ಏನಾಯಿತೆಂಬುದು ಕಣ್ಣಿಗೆ ಕಾಣಬೇಕು. ಬೇಡ ಎನ್ನುವ ಸ್ವಾತಂತ್ರ್ಯ ನಿಮಗಿರಬೇಕು. ನಾಲ್ಕನೆಯದನ್ನು ಜನ ಮರೆಯುತ್ತಾರೆ. ಬಾಸ್ ಹೇಳಿದ್ದಕ್ಕೆ ಆಫೀಸಿನವರೆಲ್ಲ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು ಬಂದರೆ ಮನಸ್ಸಿಗೆ ಏನೂ ಆಗದಿರುವುದು ಇದಕ್ಕೇ. ತಾನಾಗಿ ಒಪ್ಪಿ ಮಾಡಿದ ಸಹಾಯಕ್ಕೂ ಒತ್ತಾಯಕ್ಕೆ ಮಾಡಿದ್ದಕ್ಕೂ ಮನಸ್ಸಿನ ಮೇಲಾಗುವ ಪರಿಣಾಮ ಬೇರೆಯೆಂದು ನೆಟಾ ವೈನ್‌ಸ್ಟೈನ್, ರಿಚರ್ಡ್ ರಯನ್ 2010ರಲ್ಲೇ ತೋರಿಸಿದ್ದಾರೆ. ಸಹಾಯ ಪಡೆದವರಿಗೂ ತಾನಾಗಿ ಮಾಡಿದ್ದೇ ಹೆಚ್ಚು ಹಿತ ಎನ್ನುವುದು ಅದೇ ಅಧ್ಯಯನದ ಇನ್ನೊಂದು ಮಾತು.

ಈ ನಾಲ್ಕೂ ಗುಣಗಳಿರುವ, ಕರ್ನಾಟಕದ ಎಲ್ಲ ಊರುಗಳಲ್ಲೂ ಜನ ಬೇಕಾಗಿರುವ ಒಂದು ಕೆಲಸವನ್ನು ಪೂರ್ತಿ ವಿವರಿಸುತ್ತೇವೆ: ಪರೀಕ್ಷೆಯಲ್ಲಿ ದೃಷ್ಟಿದೋಷವುಳ್ಳವರ ಉತ್ತರ ಬರೆದುಕೊಡುವ ಸ್ಕ್ರೈಬ್ ಕೆಲಸ.

ಸ್ಕ್ರೈಬ್ ಆಗುವುದು

ಇದರಲ್ಲಿ ದಾನಿ, ದೀನ ಎಂಬ ಭೇದವಿಲ್ಲ. ಓದಿದ್ದು ಅವರು, ತಿಳಿವಳಿಕೆ ಅವರದು, ನಿಮ್ಮದು ಬರೀ ಕಣ್ಣು ಮತ್ತು ಕೈ. ಉಪದೇಶ ಕೊಡಲು ಅವಕಾಶವೇ ಇಲ್ಲದ ಸೇವೆ ಬೇರೊಂದು ಸಿಗುವುದು ಕಷ್ಟ. ದೃಷ್ಟಿಯಿಲ್ಲದವರಿಗೆ ಮಾತ್ರವಲ್ಲ, ಕೈ ಸ್ವಾಧೀನವಿಲ್ಲದವರಿಗೆ, ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆಗೆ ಅಡ್ಡಿಯಾಗುವ ಸೆರೆಬ್ರಲ್ ಪಾಲ್ಸಿ ಇರುವವರಿಗೂ ಸ್ಕ್ರೈಬ್ ಬೇಕಾಗುತ್ತದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇರುವ ಅಭ್ಯರ್ಥಿಗೂ ಸ್ಕ್ರೈಬ್ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿತು.

ಯಾರು ಬರೆಯಬಹುದು ಎಂಬಲ್ಲೇ ಮೊದಲ ತೊಡಕು. ಅಭ್ಯರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಆತನ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತ್ತು. ಎಸ್ಸೆಸ್ಸೆಲ್ಸಿಗೆ ಸಾಮಾನ್ಯವಾಗಿ ಕೆಳಗಿನ ತರಗತಿಯ ಮಕ್ಕಳನ್ನೇ ಕೇಳುತ್ತಾರೆ. ಹಾಗಾಗಿ ಮನೆಯಲ್ಲಿ ಒಂಬತ್ತನೇ ತರಗತಿಯ ಮಗನೋ ಮಗಳೋ ಇದ್ದರೆ ಅದು ಅವರ ಸರದಿ, ನೀವು ಬಿಟ್ಟು ಕರೆತರುವವರು. ನಿಯಮಗಳು ಆಗಾಗ ಬದಲಾಗುತ್ತವೆ, ಪರೀಕ್ಷೆಯಿಂದ ಪರೀಕ್ಷೆಗೂ ಬೇರೆ. ಅಭ್ಯರ್ಥಿಯ ಹಾಲ್ ಟಿಕೆಟ್ ಜೊತೆ ಬಂದ ಸೂಚನೆಯನ್ನೇ ಓದಿ, ಅದರ ಪ್ರಕಾರ ನೀವು ಅರ್ಹರೋ ಅಲ್ಲವೋ ಖಚಿತಪಡಿಸಿಕೊಳ್ಳಿ. ಓದು ಹೆಚ್ಚಾಗಿ ಅನರ್ಹರಾದರೆ ಬೇಸರ ಬೇಡ. ಪಠ್ಯ ಓದಿ ಧ್ವನಿಮುದ್ರಿಸಿಕೊಡುವುದು, ಮಾದರಿ ಪರೀಕ್ಷೆಗೆ ಬರೆದುಕೊಡುವುದು ಇದ್ದೇ ಇದೆ. ಧ್ವನಿಮುದ್ರಣವನ್ನಂತೂ ಹೊರದೇಶದಲ್ಲಿರುವ ಕನ್ನಡಿಗರೂ ಮಾಡಬಹುದು. ಬೆಂಗಳೂರಿನ ಸಮರ್ಥನಂ, ಮಿತ್ರಜ್ಯೋತಿಯಂಥ ಸಂಸ್ಥೆಗಳಲ್ಲಿ ವಿಚಾರಿಸಿ. ಬೇರೆ ಊರುಗಳಲ್ಲಿ ಹತ್ತಿರದ ಅಂಧರ ಶಾಲೆ ಅಥವಾ ಸರ್ಕಾರಿ ಪದವಿ ಕಾಲೇಜಿನ ಪ್ರಾಂಶುಪಾಲರನ್ನು ಕೇಳಿದರೆ ಸಾಕು.

ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅಭ್ಯರ್ಥಿಯನ್ನು ಭೇಟಿಯಾಗಿ. ಹದಿನೈದು ನಿಮಿಷ ಅವರು ಹೇಳಲಿ, ನೀವು ಬರೆಯಿರಿ. ಅವರ ವೇಗ, ನಿಮ್ಮ ಕೈ ಎರಡೂ ಅಲ್ಲೇ ಗೊತ್ತಾಗುತ್ತದೆ. ದಿನವೂ ಮೊಬೈಲಿನಲ್ಲೇ ಟೈಪ್ ಮಾಡುವವರಿಗೆ ಕನ್ನಡ ಕೈಬರಹ ತುಕ್ಕು ಹಿಡಿದಿರುತ್ತದೆ, ಒತ್ತಕ್ಷರ ಬಂದಾಗ ಕೈ ತಡೆಯುತ್ತದೆ. ಒಂದು ವಾರ ದಿನಕ್ಕೆ ಎರಡು ಪುಟ ಬರೆದು ಅಭ್ಯಾಸ ಮಾಡಿಕೊಳ್ಳಿ. ಅದೇ ಭೇಟಿಯಲ್ಲಿ ವಿಷಯದ ಹತ್ತಿಪ್ಪತ್ತು ಪಾರಿಭಾಷಿಕ ಪದಗಳನ್ನು ಅವರ ಬಾಯಿಂದ ಕೇಳಿಕೊಳ್ಳಿ. ಅರ್ಥಶಾಸ್ತ್ರದ ಪದಗಳ ಕಾಗುಣಿತ ಗೊತ್ತಿಲ್ಲದೆ ಪರೀಕ್ಷೆಯ ದಿನ ತಡವರಿಸಿದರೆ ಅವರ ಓಟ ತಪ್ಪುತ್ತದೆ.

ಚೀಲದಲ್ಲಿ ಇರಬೇಕಾದ್ದು: ಆಧಾರ್ ಮೂಲಪ್ರತಿ ಮತ್ತು ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ, ನಿಮ್ಮ ಅಂಕಪಟ್ಟಿ ಅಥವಾ ಓದುತ್ತಿರುವುದಕ್ಕೆ ಪ್ರಮಾಣಪತ್ರ, ಇಬ್ಬರೂ ಸಹಿ ಮಾಡಬೇಕಾದ ಘೋಷಣಾ ಪತ್ರ, ಒಂದೇ ಬಣ್ಣದ ಇಂಕಿನ ಮೂರು ಪೆನ್ನು, ನೀರು. ಪರೀಕ್ಷಾ ಕೇಂದ್ರಕ್ಕೆ ಒಂದು ಗಂಟೆ ಮುಂಚೆ ಹೋಗಿ. ಫಾರಂ ಇಲ್ಲ, ಕೊಠಡಿ ಗೊತ್ತಾಗಿಲ್ಲ, ಮೇಲ್ವಿಚಾರಕರಿಗೆ ಹೆಚ್ಚುವರಿ ಸಮಯದ ನಿಯಮ ತಿಳಿದಿಲ್ಲ, ಇಂಥ ಗೊಂದಲಗಳು ಬಗೆಹರಿಯುವುದಕ್ಕೆ ಅಷ್ಟು ಹೊತ್ತು ಬೇಕು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು ಮಾರ್ಗಸೂಚಿಯಲ್ಲಿದೆ. ಮೂರು ಗಂಟೆಯ ಪತ್ರಿಕೆ ಎಂದರೆ ನಾಲ್ಕು ಗಂಟೆ. ಆ ಸುತ್ತೋಲೆಯ ಒಂದು ಪ್ರತಿ ಕೈಯಲ್ಲಿದ್ದರೆ ವಾದ ಬೇಗ ಮುಗಿಯುತ್ತದೆ.

ಕೊಠಡಿಗೆ ಕರೆದೊಯ್ಯುವಾಗ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯ ಮೇಲ್ಭಾಗವನ್ನು ಅವರೇ ಹಿಡಿದುಕೊಳ್ಳಲಿ. ನೀವು ಅರ್ಧ ಹೆಜ್ಜೆ ಮುಂದಿರಿ, ಮೆಟ್ಟಿಲು ಬಂದಾಗ 'ಮೇಲಕ್ಕೆ' ಅಥವಾ 'ಕೆಳಕ್ಕೆ' ಎಂದು ಹೇಳಿ.

ಪ್ರಶ್ನೆಪತ್ರಿಕೆ ಬಂದ ಕೂಡಲೇ ಉತ್ತರಕ್ಕೆ ಇಳಿಯುವುದಲ್ಲ. ಪತ್ರಿಕೆಯನ್ನು ಒಮ್ಮೆ ಪೂರ್ತಿ ಓದಿ ಹೇಳಿ: ಯಾವ ಭಾಗ, ಎಷ್ಟರಲ್ಲಿ ಎಷ್ಟಕ್ಕೆ ಉತ್ತರಿಸಬೇಕು, ಎಷ್ಟು ಅಂಕ. ಕಣ್ಣಿರುವವರು ಎರಡು ನಿಮಿಷದಲ್ಲಿ ಕಣ್ಣಾಡಿಸಿ ಯಾವುದನ್ನು ಮೊದಲು ಬರೆಯಬೇಕೆಂದು ತೀರ್ಮಾನಿಸುತ್ತಾರೆ. ಅವರಿಗೆ ಆ ಅವಕಾಶ ಸಿಗುವುದು ನಿಮ್ಮ ಓದಿನಿಂದ ಮಾತ್ರ. ಆಮೇಲೆ ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿ. ಬಹು ಆಯ್ಕೆಯ ಪ್ರಶ್ನೆಯಾದರೆ ನಾಲ್ಕೂ ಆಯ್ಕೆಗಳನ್ನು ಒಂದೇ ದನಿಯಲ್ಲಿ ಓದಬೇಕು. ಉತ್ತರ ನಿಮಗೆ ಗೊತ್ತಿದ್ದಾಗ ಸರಿಯಾದ ಆಯ್ಕೆಯ ಮೇಲೆ ದನಿ ತಾನಾಗಿಯೇ ಏರುತ್ತದೆ, ಅದು ಸುಳಿವು ಕೊಟ್ಟಂತೆ. ಗಣಿತದಲ್ಲಿ ಆವರಣ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದನ್ನು ಬಾಯಿಬಿಟ್ಟು ಹೇಳಿ. 'ಬ್ರಾಕೆಟ್ ಶುರು, ಎಕ್ಸ್ ಪ್ಲಸ್ ಎರಡು, ಬ್ರಾಕೆಟ್ ಮುಗೀತು, ಅದರ ಹೋಲ್ ಸ್ಕ್ವೇರ್' ಎಂದು ಓದಿದರೆ ಗೊಂದಲವಿಲ್ಲ. 'ಎಕ್ಸ್ ಪ್ಲಸ್ ಎರಡು ಸ್ಕ್ವೇರ್' ಎಂದರೆ ಲೆಕ್ಕವೇ ಬದಲಾಯಿತು.

ಬರೆಯುವಾಗ ಅವರು ಹೇಳಿದ್ದಷ್ಟೇ. ಅವರು 'ದನ' ಎಂದಾಗ ಹಸುವೋ ಹಣವೋ ಎಂಬ ಅನುಮಾನ ಬಂದರೆ ಅಲ್ಪಪ್ರಾಣವೋ ಮಹಾಪ್ರಾಣವೋ ಎಂದು ಕೇಳಿ. ಪ್ಯಾರಾ ಎಲ್ಲಿ ಬಿಡಬೇಕು, ಅಡಿಗೆರೆ ಬೇಕೇ, ಇವನ್ನೂ ಅವರೇ ಹೇಳಬೇಕು. ಅರ್ಧ ಗಂಟೆಗೊಮ್ಮೆ ಎಷ್ಟು ಸಮಯ ಉಳಿದಿದೆ, ಎಷ್ಟು ಅಂಕದ ಉತ್ತರ ಆಗಿದೆ ಎಂದು ತಿಳಿಸಿ. ಒಂದೂವರೆ ಗಂಟೆಯಾಗುವಷ್ಟರಲ್ಲಿ ಬೆರಳು ನೋಯತೊಡಗುತ್ತದೆ. ಪೆನ್ನನ್ನು ಬಿಗಿಯಾಗಿ ಒತ್ತಿ ಬರೆಯುವ ಅಭ್ಯಾಸವಿರುವವರಿಗೆ ಇನ್ನೂ ಬೇಗ. ಅವರು ಯೋಚಿಸುವ ಹೊತ್ತಿನಲ್ಲಿ ಕೈ ಕೆಳಗಿಟ್ಟು ಬೆರಳು ಬಿಡಿಸಿಕೊಳ್ಳಿ.

ಈ ಕೆಲಸದಲ್ಲಿ ತುಂಬ ಕಷ್ಟದ್ದು ಇನ್ನೊಂದಿದೆ. ಅವರು ತಪ್ಪು ಉತ್ತರ ಹೇಳುತ್ತಾರೆ, ಸರಿಯಾದದ್ದು ನಿಮಗೆ ಗೊತ್ತು. ತಪ್ಪನ್ನೇ ಬರೆಯಬೇಕು. ತಿದ್ದುವುದು ಅಕ್ರಮ ಎಂಬುದು ಒಂದು ಕಡೆ, ಮುಂದಿನ ಪರೀಕ್ಷೆಗಳಲ್ಲಿ ಎಲ್ಲ ದೃಷ್ಟಿಹೀನ ಅಭ್ಯರ್ಥಿಗಳನ್ನೂ ಅನುಮಾನದಿಂದ ನೋಡಲು ಅದು ದಾರಿ ಮಾಡಿಕೊಡುತ್ತದೆ ಎಂಬುದು ಇನ್ನೊಂದು ಕಡೆ. ಹೊಸಬರು ಮನೆಗೆ ಬಂದ ಮೇಲೆ 'ಒಂದು ಮಾತು ಹೇಳಬಹುದಿತ್ತೇನೋ' ಎಂದು ಕೊರಗುವುದುಂಟು. ಅಂಕ ಅವರದು, ಏರಿದರೂ ಇಳಿದರೂ. ಹೊರಗೆ ಬಂದಾಗ ಅವರಾಗಿ ಕೇಳದಿದ್ದರೆ ಉತ್ತರಗಳ ಸರಿ ತಪ್ಪು ಎತ್ತಬೇಡಿ.

ಎಲ್ಲಕ್ಕಿಂತ ದೊಡ್ಡ ಅನಾಹುತ ಹಿಂದಿನ ರಾತ್ರಿ 'ಬರೋಕೆ ಆಗಲ್ಲ' ಎಂದು ಮೆಸೇಜ್ ಹಾಕುವುದು. ಅದಕ್ಕೆ ಅಭ್ಯರ್ಥಿ ತೆರುವ ಬೆಲೆ ಒಂದು ವರ್ಷವಾಗಬಹುದು. ಒಪ್ಪಿಕೊಂಡ ದಿನವೇ ಅರ್ಹತೆಯಿರುವ ಇನ್ನೊಬ್ಬರನ್ನು ಗೊತ್ತುಮಾಡಿ, ಬದಲಿ ಸ್ಕ್ರೈಬ್ ಬಗ್ಗೆ ಕೇಂದ್ರದಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಪರೀಕ್ಷೆ ಮುಗಿದ ಮೇಲೆ ಅವರು ಕಾಫಿ ಕುಡಿಯೋಣ ಬನ್ನಿ ಎಂದರೆ ಹೋಗಿ, ಬಿಲ್ಲು ಅವರೇ ಕೊಡಲಿ. ಹಳ್ಳಿಯ ಮುಯ್ಯಾಳು ಪದ್ಧತಿಯಲ್ಲಿ ಇಂದು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು. ಅದರಲ್ಲಿ ಯಾರ ತಲೆಯೂ ತಗ್ಗುವುದಿಲ್ಲ. ಬರೀ ಕೊಡುತ್ತಲೇ ಇದ್ದು ಏನನ್ನೂ ತೆಗೆದುಕೊಳ್ಳದವರ ಮುಂದೆ ಋಣದ ಭಾರ ಬೆಳೆಯುತ್ತದೆ, ಕ್ರಮೇಣ ನೆರವು ಪಡೆದವರು ನಿಮ್ಮನ್ನು ತಪ್ಪಿಸಿಕೊಂಡು ಓಡಾಡುತ್ತಾರೆ. 'ಇಷ್ಟೆಲ್ಲ ಮಾಡಿದೆ, ಈಗ ಮಾತೇ ಆಡಿಸಲ್ಲ' ಎಂದು ಗೊಣಗುವವರು ಅನೇಕರು ಇಲ್ಲೇ ಎಡವಿರುತ್ತಾರೆ.

ಪಕ್ಕದ ಮನೆಯ ಹಿರಿಯರು

ನವೆಂಬರ್ ಬಂದರೆ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಜೀವನ್ ಪ್ರಮಾಣ್ ಆ್ಯಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿದ ಫೋನಿನಲ್ಲಿ ಮುಖ ತೋರಿಸಿಯೇ ಇದನ್ನು ಮುಗಿಸಬಹುದು, ಬ್ಯಾಂಕಿನ ಸಾಲಿನಲ್ಲಿ ನಿಲ್ಲಬೇಕಿಲ್ಲ. ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಖಾತೆಯ ಸಂಖ್ಯೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಹತ್ತಿರ ಇಟ್ಟುಕೊಳ್ಳಿ. ಕಿಟಕಿಗೆ ಮುಖ ಮಾಡಿ ಕೂರಿಸಿ. ಬೆಳಕು ಹಿಂದಿನಿಂದ ಬಂದರೆ ಮುಖ ಗುರುತಾಗುವುದಿಲ್ಲ. ಕ್ಯಾಮೆರಾ ನೋಡುತ್ತ ಕಣ್ಣು ಮಿಟುಕಿಸಲು ಹೇಳಿ. ಒಟಿಪಿಯನ್ನು ಅವರೇ ಓದಿ ಅವರೇ ಒತ್ತಲಿ. ಪಿನ್, ಪಾಸ್‌ವರ್ಡ್ ನಿಮ್ಮ ಫೋನಿನಲ್ಲೋ ಚೀಟಿಯಲ್ಲೋ ಬರೆದಿಟ್ಟುಕೊಳ್ಳಬೇಡಿ. ಆರು ತಿಂಗಳ ಮೇಲೆ ಅವರ ಖಾತೆಯಲ್ಲಿ ಏನಾದರೂ ಏರುಪೇರಾದರೆ ಮೊದಲ ಅನುಮಾನ ನಿಮ್ಮ ಮೇಲೆಯೇ. ಅರ್ಧ ಗಂಟೆಯ ಈ ಕೆಲಸಕ್ಕೆ ಸಿಗುವ ಸಮಾಧಾನ ದೊಡ್ಡದು. 'ಆಯ್ತಜ್ಜಿ, ಇನ್ನು ಒಂದು ವರ್ಷ ಚಿಂತೆಯಿಲ್ಲ' ಎಂದು ಹೇಳಿ ಎದ್ದು ಬರಬಹುದು.

ಒಂಟಿಯಾಗಿರುವ ಹಿರಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡುವುದಾದರೆ ವಾರ, ಹೊತ್ತು ಎರಡೂ ಬದಲಾಗಬಾರದು. ಭಾನುವಾರ ಸಂಜೆ ಐದಕ್ಕೆ ಎಂದರೆ ಅವರು ನಾಲ್ಕೂವರೆಗೇ ಫೋನ್ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಸಾಕು. 'ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಮಂಡಿ ನೋವು ಹೇಗಿದೆ' ಎಂದು ಶುರುವಾದರೆ ಮಾತು ಕಾಯಿಲೆಯ ವರದಿಯಾಗುತ್ತದೆ, ಇಟ್ಟ ಮೇಲೆ ಇಬ್ಬರಿಗೂ ಮಂಕು. ನಿಮ್ಮ ಕಡೆಯ ಸುದ್ದಿ ಮೊದಲು ಹೇಳಿ. ಅವರಿಗೆ ಗೊತ್ತಿರುವುದನ್ನು ಕೇಳಿ: ಹಾಗಲಕಾಯಿ ಗೊಜ್ಜಿಗೆ ಹುಣಸೆಹಣ್ಣು ಎಷ್ಟು, ಉಪ್ಪಿನಕಾಯಿಗೆ ಈ ಸಲ ಬೂಸಲು ಯಾಕೆ ಬಂತು. ಕೇಳಿದ್ದನ್ನು ಮಾಡಿ ನೋಡಿ, ಮುಂದಿನ ವಾರ ಹೇಗಾಯಿತೆಂದು ಹೇಳಿ. ಮಾತಿನ ನಡುವೆ ಹೊಡೆತ, ಆಸ್ತಿ ಬರೆಸಿಕೊಳ್ಳುವ ಒತ್ತಡ, ಹಸಿವಿನ ಸುಳಿವು ಸಿಕ್ಕರೆ ನೀವೊಬ್ಬರೇ ಬಗೆಹರಿಸಲು ಹೋಗಬೇಡಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ರಕ್ತದಾನ

ಎದುರಿಗೆ ಮನುಷ್ಯ ಕಾಣದ ಸೇವೆ ಇದು, ಹಾಗಾಗಿ ಮನಸ್ಸಿಗೆ ಸಿಗುವ ಫಲ ಸ್ವಲ್ಪ ಮಸುಕು. ಗೆಳೆಯರೋ ಮನೆಯವರೋ ಜೊತೆಯಾಗಿ ಹೋದರೆ ಆ ಕೊರತೆ ತುಂಬುತ್ತದೆ. ವಯಸ್ಸು 18ರಿಂದ 65, ತೂಕ 45 ಕೆ.ಜಿ.ಗೆ ಕಡಿಮೆಯಿಲ್ಲ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ತೂಕ ನೋಡಿ 350 ಅಥವಾ 450 ಮಿ.ಲೀ. ತೆಗೆಯುತ್ತಾರೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಕೂತೇ ಇರಿ. ತಲೆ ಸುತ್ತಿ ಬೀಳುವವರು ಬಹುಪಾಲು ಕೂಡಲೇ ಎದ್ದು ಹೊರಟವರು. ಹಿಮೋಗ್ಲೋಬಿನ್ ಕಡಿಮೆಯೆಂದು ವಾಪಸ್ ಕಳಿಸಿದರೆ ಅವಮಾನವೇನಲ್ಲ, ಪುಕ್ಕಟೆ ತಪಾಸಣೆ ಆಯಿತು ಅಂದುಕೊಂಡು ವೈದ್ಯರನ್ನು ಕಾಣಿ.

ದುಡ್ಡಿನ ವಿಷಯ

ನೆಮ್ಮದಿಗಾಗಿ ಹೊರಟು ನಿದ್ದೆ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿ. ವಾಪಸ್ ಬರದಿದ್ದರೂ ಮರೆತುಬಿಡಬಹುದಾದಷ್ಟು ಮೊತ್ತವನ್ನು ಮಾತ್ರ ಕೊಡಿ, ಕೊಡುವಾಗಲೇ ಮನಸ್ಸಿನಲ್ಲಿ ಅದನ್ನು ಕೊಡುಗೆ ಎಂದು ಬರೆದುಬಿಡಿ. ಅದಕ್ಕಿಂತ ದೊಡ್ಡ ಮೊತ್ತವಾದರೆ ಅದು ಸಹಾಯವಲ್ಲ, ವ್ಯವಹಾರ. ಕಾಗದ, ದಿನಾಂಕ, ಬ್ಯಾಂಕ್ ಮೂಲಕ ವರ್ಗಾವಣೆ ಎಲ್ಲ ಬೇಕು. ಜಾಮೀನು ಸಹಿಯನ್ನು ಬರೀ ಒಂದು ಸಹಿ ಎಂದುಕೊಳ್ಳಬೇಡಿ. ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಸಾಲಗಾರನಷ್ಟೇ ಹೊಣೆ ಜಾಮೀನುದಾರನದೂ. ಬ್ಯಾಂಕು ನೇರ ನಿಮ್ಮ ಮನೆಗೇ ಬರಬಹುದು. ಕೇಳಿದವರಿಗೆ ಹೀಗೆ ಹೇಳಬಹುದು: 'ದುಡ್ಡಿನ ವಿಷಯಕ್ಕೆ ನಾನು ಕೈಹಾಕಲ್ಲ ಅಣ್ಣ, ಬೇಕಾದ್ರೆ ಸೋಮವಾರ ಬ್ಯಾಂಕಿಗೆ ಜೊತೆಗೆ ಬರ್ತೀನಿ.' ಅಂದ ಮೇಲೆ ಸೋಮವಾರ ಹೋಗಲೇಬೇಕು.

ಮಾಡಿದ ಮೇಲೆ

ಒಂದು ಚಿಕ್ಕ ನೋಟ್‌ಬುಕ್ ಇಡಿ. ದಿನಾಂಕ, ಏನು ಮಾಡಿದಿರಿ, ಎಷ್ಟು ಹೊತ್ತು, ಹೋಗುವ ಮುಂಚೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಬಂದ ಮೇಲೆ ಎಷ್ಟು. ಬಂದ ಮೇಲಿನ ಅಂಕವನ್ನು ಬಾಗಿಲಲ್ಲೇ ಬರೆಯಬೇಡಿ. ಆಗ ಬರೀ ಆಯಾಸ ಇರುತ್ತದೆ. ಸ್ನಾನ, ಊಟ ಮುಗಿಸಿ ಬರೆಯಿರಿ. ಆರು ವಾರದ ನಂತರ ನೋಡಿ. ಅರ್ಧಕ್ಕಿಂತ ಹೆಚ್ಚು ಸಲ ಅಂಕ ಇಳಿದಿದ್ದರೆ ಕೆಲಸ ಬದಲಿಸಿ, ಸೇವೆಯನ್ನೇ ಬಿಡಬೇಕಿಲ್ಲ. ಆಸ್ಪತ್ರೆಯ ವಾಸನೆಗೇ ಎದೆ ಕುಸಿಯುವವರು ಮಕ್ಕಳಿಗೆ ಲೆಕ್ಕ ಹೇಳಿಕೊಡುವುದರಲ್ಲಿ ಅರಳುವುದುಂಟು.

ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವ ಆಸೆಯನ್ನು ತಡೆದುಕೊಳ್ಳಿ. ನೆರವು ಪಡೆದವರ ಮುಖ ಅವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ಕಾಣುವುದು ತಪ್ಪು ಎಂಬುದು ಇದ್ದೇ ಇದೆ. ಅದರ ಜೊತೆಗೆ ಎಷ್ಟು ಜನ ನೋಡಿದರು ಎಂಬ ಎಣಿಕೆ ಶುರುವಾದರೆ ಗಮನ ಮತ್ತೆ ನಿಮ್ಮ ಮೇಲೆಯೇ ಬಂದು ಕೂರುತ್ತದೆ, ಯಾವುದರಿಂದ ಬಿಡುವು ಬೇಕಿತ್ತೋ ಅಲ್ಲಿಗೇ.

ಎದುರಿನವರ ನೋವನ್ನು ನೋಡಿ ನೀವೂ ಅಳುತ್ತಾ ಕೂತರೆ ಬೇಗ ಬಸವಳಿಯುತ್ತೀರಿ. 'ಇವರಿಗೆ ಈಗ ಏನು ಬೇಕು?' ಎಂದು ಕೇಳಿಕೊಂಡರೆ ಮನಸ್ಸು ಕೈಗೆ ಕೆಲಸ ಹುಡುಕುತ್ತದೆ. ದಣಿವಿನ ಗುರುತುಗಳು ಇವು: ಅವರ ಹೆಸರು ಫೋನಿನಲ್ಲಿ ಬಂದರೆ ಎದೆ ಧಸಕ್ಕೆನ್ನುವುದು, ಮನೆಯವರ ಮೇಲೆ ಸಿಡುಕುವುದು, ಯಾರೂ ಥ್ಯಾಂಕ್ಸ್ ಹೇಳಲಿಲ್ಲವೆಂದು ಲೆಕ್ಕ ಹಾಕುವುದು, ನೀವಿಲ್ಲದಿದ್ದರೆ ಅವರ ಗತಿಯೇನು ಎಂದು ರಾತ್ರಿ ಯೋಚಿಸುವುದು. ಎರಡು ಕಂಡರೂ ಎರಡು ವಾರ ಬಿಡುವು ತೆಗೆದುಕೊಳ್ಳಿ.

ನಿಲ್ಲಿಸುವಾಗ

ಸದ್ದಿಲ್ಲದೆ ಮಾಯವಾಗಬೇಡಿ. ಕನಿಷ್ಠ ಎರಡು ವಾರ ಮುಂಚೆ ತಿಳಿಸಿ, ಕಾರಣ ಒಂದೇ ವಾಕ್ಯದಲ್ಲಿ ಸಾಕು. 'ಮುಂದಿನ ತಿಂಗಳಿಂದ ನನ್ನ ಶಿಫ್ಟ್ ಬದಲಾಗುತ್ತೆ ಅಜ್ಜಿ, ಭಾನುವಾರ ಫೋನ್ ಮಾಡೋಕೆ ಆಗಲ್ಲ' ಎಂದರೆ ಅರ್ಥವಾಗುತ್ತದೆ. ಉದ್ದುದ್ದ ಸಮಜಾಯಿಷಿ ಕೊಟ್ಟರೆ ತಮ್ಮಿಂದಲೇ ಏನೋ ತಪ್ಪಾಯಿತೆಂದು ಅವರು ಕೊರಗುತ್ತಾರೆ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಸಿಕ್ಕರೆ ಕೊನೆಯ ಎರಡು ಭೇಟಿಗೆ ಜೊತೆಯಲ್ಲಿ ಕರೆದೊಯ್ಯಿರಿ. ಕಿವಿ ಯಾವ ಕಡೆ ಕೇಳಿಸುವುದಿಲ್ಲ, ಯಾವ ಮಾತು ಎತ್ತಬಾರದು, ಕಾಫಿಗೆ ಸಕ್ಕರೆ ಬೇಕೋ ಬೇಡವೋ, ಇಂಥವನ್ನು ಹಿರಿಯರ ಎದುರಿಗೇ ಹೇಳಿ, ಬೆನ್ನ ಹಿಂದೆ ಅಲ್ಲ. ಮನೆ ಬೀಗದ ಕೈ, ಯಾವುದಾದರೂ ಕಾಗದಪತ್ರ ನಿಮ್ಮಲ್ಲಿದ್ದರೆ ಅಂದೇ ಒಪ್ಪಿಸಿ.